ಕಡವೆ ಕೊಂಬಿನ ಲೆಕ್ಕ

ಶಿರಸಿ ಕಡೆಯ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಉದುರಿದ ಕಡವೆ ಕೊಂಬು ಕಂಡರೆ ಯಾರಾದರೊಬ್ಬರು ಕವಲು ಎಣಿಸಿ ವಯಸ್ಸು ಹೇಳಿಯೇ ಬಿಡುತ್ತಾರೆ. ಆ ಲೆಕ್ಕ ನಡೆಯುವುದಿಲ್ಲ ಮಾರಾಯ್ರೆ. ಬಲಿತ ಕಡವೆಗೂ ಸಾಮಾನ್ಯವಾಗಿ ಒಂದು ಕೊಂಬಿಗೆ ಮೂರೇ ಕವಲು. ಪ್ರಾಯದ ಜೊತೆ ಗಾತ್ರ ಹೆಚ್ಚುವುದು ನಿಜ, ಮುಪ್ಪಿನಲ್ಲಿ ಮತ್ತೆ ಕುಗ್ಗುತ್ತದೆ. ಉಳಿದದ್ದು ವಂಶದ ಗುಣ, ತಿಂದ ಮೇವು.

ನನಗೆ ಸೋಜಿಗ ಅನಿಸುವುದು ಮೇವಿನ ವಿಷಯವೇ. ಆಕಳ ಕೋಡಿನ ಹಾಗಲ್ಲ, ಕಡವೆ ಕೊಂಬು ಅಪ್ಪಟ ಎಲುಬು. ಬಿದ್ದು ಹೊಸದಾಗಿ ಬೆಳೆಯುತ್ತದೆ. ಬೆಳೆಯುವಾಗ ಮೇಲೆ ಮಖಮಲ್ಲಿನಂಥ ಚರ್ಮ, ಅದರ ತುಂಬ ರಕ್ತನಾಳ. ಮೇವಿನ ಕ್ಯಾಲ್ಸಿಯಂ, ರಂಜಕ ಸಾಲದಾದರೆ ಗಂಡು ತನ್ನ ಪಕ್ಕೆಲುಬಿನಿಂದಲೇ ಸಾಲ ತೆಗೆಯುತ್ತದೆ! ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಏರಿದಾಗ ಚರ್ಮ ಒಣಗಿ ಕಳಚುತ್ತದೆ, ಇಳಿದಾಗ ಕೊಂಬೇ ಉದುರುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಗಳಲ್ಲಂತೂ ಹಿಂಗಾಲಿಗೆ ಪೆಟ್ಟಾದರೆ ಎದುರು ಬದಿಯ ಕೊಂಬು ಸೊಟ್ಟಗಾಗುವುದುಂಟು. ಎಲ್ಲಿಂದೆಲ್ಲಿಯ ಸಂಬಂಧ ನೋಡಿ.

ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಕಡಿಮೆ. ಅಡಿಕೆ ತೋಟಕ್ಕಾದರೆ ನಾವು ಸುಣ್ಣ ಹಾಕುತ್ತೇವೆ, ಕಡವೆಗೆ ಯಾರು ಹಾಕಬೇಕು? ಬಿದ್ದ ಕೊಂಬನ್ನು ಮುಳ್ಳುಹಂದಿ ಕಡಿಯುವುದೂ ಅದೇ ಖನಿಜಕ್ಕಾಗಿ. ಜಗಲಿ ಗೋಡೆಗೆ ಚಂದ ಅಂತ ಎತ್ತಿಕೊಂಡು ಬರುವವರಿಗೆ ಒಂದು ಮಾತು: ತಾನಾಗಿ ಉದುರಿದ್ದಾದರೂ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿಯಿಲ್ಲದೆ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ.