ಪ್ರಬಂಧಕ್ಕೆ ಮುಂಚಿನ ನಾಲ್ಕು ನಿಮಿಷ

ಹತ್ತನೇ ತರಗತಿಯ ಮಕ್ಕಳಿಗೆ ‘ಕೆರೆಗಳ ಸಂರಕ್ಷಣೆ’ ಎಂಬ ವಿಷಯ ಕೊಟ್ಟು, ಮೊದಲು ಟಿಪ್ಪಣಿ ಮಾಡಿಕೊಳ್ಳಿ ಅಂದರೆ ಸಾಮಾನ್ಯವಾಗಿ ಬರುವುದು ಇದು: ಪೀಠಿಕೆ, ಕೆರೆಗಳ ಮಹತ್ವ, ನಾಶಕ್ಕೆ ಕಾರಣಗಳು, ಪರಿಹಾರಗಳು, ಉಪಸಂಹಾರ. ನೋಡಲು ಅಚ್ಚುಕಟ್ಟಾಗಿದೆ. ಈಗ ‘ಕೆರೆ’ ತೆಗೆದು ‘ಕಾಡು’ ಹಾಕಿ. ಒಂದಕ್ಷರವೂ ಬದಲಾಗುವುದಿಲ್ಲ. ಯಾವ ವಿಷಯಕ್ಕಾದರೂ ಹೊಂದುವ ಟಿಪ್ಪಣಿ ಯಾವ ವಿಷಯಕ್ಕೂ ನೆರವಾಗದು. ಬರೆಯಲು ಕೂತಾಗ ‘ಮಹತ್ವ’ ಅನ್ನುವ ಪದ ಮುಖ ನೋಡುತ್ತಾ ಕೂರುತ್ತದೆ, ಪೆನ್ನು ಮುಂದೆ ಹೋಗುವುದಿಲ್ಲ.

ಪರೀಕ್ಷೆಯಲ್ಲಿ ಇಪ್ಪತ್ತು ನಿಮಿಷ ಪ್ರಬಂಧಕ್ಕೆ ಎತ್ತಿಟ್ಟರೆ ಅದರಲ್ಲಿ ನಾಲ್ಕು ಟಿಪ್ಪಣಿಗೆ, ಹದಿನಾಲ್ಕು ಬರವಣಿಗೆಗೆ, ಎರಡು ತಿದ್ದುವುದಕ್ಕೆ. ವಿಷಯದ ಆಯ್ಕೆ ಇದಕ್ಕೂ ಮೊದಲೇ, ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಮುಗಿದಿರಬೇಕು. ಇಷ್ಟದ ವಿಷಯ ಆರಿಸಬೇಡಿ. ಯಾವುದರ ಬಗ್ಗೆ ಮೂರು ಬೇರೆಬೇರೆ ವಾಕ್ಯ ತಟ್ಟನೆ ಹೇಳಬಲ್ಲಿರೋ ಅದನ್ನು ಆರಿಸಿ.

ಮೊದಲ ಅರ್ಧ ನಿಮಿಷ ತಲೆಬರಹಕ್ಕೆ. ‘ಕೆರೆಗಳ ಸಂರಕ್ಷಣೆ’ಯಲ್ಲಿ ಅಡಿಗೆರೆ ಹಾಕಬೇಕಾದ್ದು ‘ಸಂರಕ್ಷಣೆ’ಗೆ. ‘ಕೆರೆಗಳ ಮಹತ್ವ’ ಎಂದು ಕೇಳಿದ್ದರೆ ಅದು ಬೇರೆಯೇ ಪ್ರಬಂಧ. ಅರ್ಧ ಪುಟ ಮಹತ್ವದಲ್ಲೇ ಕಳೆದು, ಕೊನೆಗೆ ಎರಡು ಸಾಲು ಉಳಿಸುವ ಬಗ್ಗೆ ಬರೆದರೆ ಕೇಳಿದ್ದೊಂದು, ಹೇಳಿದ್ದೊಂದು ಆಗುತ್ತದೆ.

ಮುಂದಿನ ಒಂದು ನಿಮಿಷ ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ಪದಗಳನ್ನು ಸುರಿಯಿರಿ, ಕ್ರಮ ಬೇಡ: ತೂಬು, ಕೋಡಿ, ಏರಿ, ಹೂಳು, ಗೋಡುಮಣ್ಣು (ಕೆರೆಯ ಫಲವತ್ತಾದ ಮಣ್ಣು), ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು), ನೀರಗಂಟಿ (ಕೆರೆ ಕಾದು ನೀರು ಹಂಚುವವನು), ರಾಜಕಾಲುವೆ, ಒತ್ತುವರಿ, ಕೊಳಚೆ, ನೊರೆ, ಬೆಳ್ಳಂದೂರು, ಅಂತರ್ಜಲ, ಸೂಳೆಕೆರೆ. ಹನ್ನೆರಡರಿಂದ ಹದಿನೈದು ಸಾಕು. ಹಳ್ಳಿಯ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವಿದೆ. ಹೊಲಕ್ಕೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹೊರಹೋಗುವ ಕೋಡಿ ಅವರಿಗೆ ಆಡುಮಾತು. ಆದರೂ ಪರೀಕ್ಷೆಯಲ್ಲಿ ಅವನ್ನು ಬಿಟ್ಟು ‘ಜಲಮೂಲ’, ‘ಜಲಸಂಪನ್ಮೂಲ’ ಅಂತ ಬರೆಯುತ್ತಾರೆ. ಗೊತ್ತಿರುವ ಪದವನ್ನು ಬಚ್ಚಿಟ್ಟು ಗೊತ್ತಿಲ್ಲದ್ದನ್ನು ಮೆರೆಸುವುದು ಯಾಕೋ!

ಇನ್ನು ಮುಖ್ಯ ಕೆಲಸ: ಪದಗಳನ್ನು ವಾಕ್ಯ ಮಾಡುವುದು. ‘ಒತ್ತುವರಿ’ ಎಂಬುದು ಅಂಶವಲ್ಲ. ‘ಕಾಲುವೆ ಒತ್ತುವರಿಯಾದರೆ ಎಷ್ಟು ಮಳೆ ಬಂದರೂ ಕೆರೆ ತುಂಬುವುದಿಲ್ಲ’ ಎಂಬುದು ಅಂಶ. ವಾಕ್ಯದಲ್ಲಿ ಕ್ರಿಯಾಪದ ಬಂದ ಕೂಡಲೇ ‘ಹೇಗೆ? ಹಾಗಾದರೆ ಏನು ಮಾಡಬೇಕು?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆ ಪ್ರಶ್ನೆಗೆ ಕೊಡುವ ಉತ್ತರವೇ ಒಂದು ಪ್ಯಾರಾ.

ಅಂಶಗಳ ಕ್ರಮವನ್ನು ವಿಷಯದಿಂದಲೇ ತೆಗೆಯಬಹುದು. ಕೆರೆಯ ಮಟ್ಟಿಗೆ ಅದು ನೀರು ಹರಿಯುವ ಕ್ರಮ: ಬರುವ ದಾರಿ, ನಿಲ್ಲುವ ಅಂಗಳ, ನೋಡಿಕೊಳ್ಳುವ ಕೈ. 28 ಸಾಲಿನ ಪ್ರಬಂಧಕ್ಕೆ ಟಿಪ್ಪಣಿ ಹೀಗೆ ಬರುತ್ತದೆ:

ಪೀಠಿಕೆ, 4 ಸಾಲು: ಕೆರೆಯೆಂದರೆ ನೀರು ನಿಂತ ಗುಂಡಿಯಲ್ಲ, ಮೇಲಿನ ಕಾಲುವೆಯಿಂದ ಕೆಳಗಿನ ಅಚ್ಚುಕಟ್ಟಿನವರೆಗೆ ಒಂದೇ ಏರ್ಪಾಡು.
7 ಸಾಲು: ಕಾಲುವೆ ಮುಚ್ಚಿದರೆ ಕೆರೆ ತುಂಬದು, ಅಳತೆ ಮಾಡಿಸಿ ಗಡಿಕಲ್ಲು ನೆಡಬೇಕು.
7 ಸಾಲು: ಹೂಳು ತುಂಬಿದಷ್ಟೂ ನೀರಿಗೆ ಜಾಗ ಕಡಿಮೆ, ಬೇಸಿಗೆಯಲ್ಲಿ ಎತ್ತಿದ ಹೂಳು ಹೊಲಕ್ಕೆ ಗೋಡು ಆಗುತ್ತದೆ.
6 ಸಾಲು: ಕೊಳಚೆ ಸೇರಿದ ಕೆರೆ ತುಂಬಿದ್ದರೂ ಸತ್ತಂತೆಯೇ, ಬೆಳ್ಳಂದೂರು, ಶುದ್ಧೀಕರಿಸಿ ಬಿಡಬೇಕು.
ಉಪಸಂಹಾರ, 4 ಸಾಲು: ನೀರಗಂಟಿ ಹೋದ ಮೇಲೆ ಕೆರೆಗೆ ಕಾವಲಿಲ್ಲ, ಆ ಕೆಲಸ ಊರವರದ್ದಾಗಬೇಕು.

ಇಲ್ಲಿ ‘ಪರಿಹಾರಗಳು’ ಎಂಬ ಪ್ರತ್ಯೇಕ ಪ್ಯಾರಾ ಇಲ್ಲ, ಗಮನಿಸಿ. ಕಾರಣಗಳನ್ನೆಲ್ಲ ಒಂದು ಕಡೆ, ಪರಿಹಾರಗಳನ್ನೆಲ್ಲ ಇನ್ನೊಂದು ಕಡೆ ಇಟ್ಟರೆ ಎರಡನೆಯ ಅರ್ಧ ಮೊದಲನೆಯದರ ಪ್ರತಿಧ್ವನಿಯಾಗುತ್ತದೆ. ‘ಒತ್ತುವರಿ ಆಗುತ್ತಿದೆ’ ಎಂದು ಮೇಲೆ, ‘ಒತ್ತುವರಿ ತಡೆಯಬೇಕು’ ಎಂದು ಕೆಳಗೆ. ಕಾರಣದ ಬೆನ್ನಿಗೇ ಪರಿಹಾರ ಕಟ್ಟಿದರೆ ಅದು ನಿರ್ದಿಷ್ಟವಾಗಲೇಬೇಕು, ಯಾಕೆಂದರೆ ಕಾಲುವೆಯ ಮದ್ದು ಹೂಳಿಗೆ ನಾಟುವುದಿಲ್ಲ.

ಉದಾಹರಣೆ ಪ್ಯಾರಾಕ್ಕೊಂದು ಸಾಕು, ಅದು ಆ ಪ್ಯಾರಾದ ವಾಕ್ಯವನ್ನು ಹೊರುವಂತಿರಬೇಕು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಉಕ್ಕಿತ್ತು, 2017ರ ಫೆಬ್ರವರಿಯಲ್ಲಿ ಅದೇ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತ್ತು. ನೀರಿರುವ ಕಡೆಯೇ ಬೆಂಕಿ! ಕೊಳಚೆಯ ಪ್ಯಾರಾಕ್ಕೆ ಇದಕ್ಕಿಂತ ಬೇಕೆ? ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಪೀಠಿಕೆಯಲ್ಲಿ ತರಬಹುದು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದೂ ಒಳ್ಳೆಯ ಮಾಹಿತಿಯೇ, ಆದರೆ ಅದು ಕೆರೆ ತುಂಬಿಸುವ ಮಾತು. ಈ ಟಿಪ್ಪಣಿಯಲ್ಲಿ ಅದಕ್ಕೆ ಜಾಗವಿಲ್ಲ, ಹೊಡೆದು ಹಾಕಿ. ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ತುರುಕಿದ ಸಂಗತಿ ಪ್ಯಾರಾವನ್ನು ನಡುವಿನಲ್ಲಿ ಮುರಿಯುತ್ತದೆ. ‘ಕೆರೆಯಂ ಕಟ್ಟಿಸು, ಬಾವಿಯಂ ಸವೆಸು’ ಎಂಬ ಶಾಸನದ ಮಾತಿಗೂ ಇದೇ ಲೆಕ್ಕ. ಅಂದದ ಮಾತು, ಆದರೆ ಅದು ಕಟ್ಟಿಸಲು ಹೇಳುತ್ತದೆ. ‘ಕಟ್ಟಿಸಿದವರಿದ್ದರು, ಕಾಯುವವರು ಬೇಕು’ ಎಂದು ತಿರುಗಿಸಿ ಉಪಸಂಹಾರಕ್ಕೆ ಇಟ್ಟುಕೊಂಡರೆ ಕೆಲಸಕ್ಕೆ ಬರುತ್ತದೆ. ಮೊದಲ ಸಾಲಿಗೇ ಅಂಟಿಸಿ ಮುಂದೆ ಪ್ಲಾಸ್ಟಿಕ್‌ಗೆ ಹಾರಿದರೆ ಬರೀ ಅಲಂಕಾರ.

ಟಿಪ್ಪಣಿಯಲ್ಲಿ ಉಪಸಂಹಾರದ ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಬರೆದುಕೊಳ್ಳುವುದು ಮೇಲು. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದೆ ಹೊರಟವರೇ ಕೊನೆಗೆ ‘ಆದ್ದರಿಂದ ನಾವೆಲ್ಲರೂ ಕೆರೆಗಳನ್ನು ಉಳಿಸೋಣ’ ಎಂದು ನಿಲ್ಲುವುದು. ಪೀಠಿಕೆಯ ಕಾಯಿಲೆ ‘ಇಂದಿನ ಆಧುನಿಕ ಯುಗದಲ್ಲಿ’ ಎಂಬ ಆರಂಭ. ಅದಕ್ಕೆ ಮದ್ದು ಸುಲಭ: ಮೊದಲ ವಾಕ್ಯದಲ್ಲೇ ವಿಷಯದ ಒಂದು ವಸ್ತು ಇರಲಿ, ಏರಿಯೋ ತೂಬೋ.

ಉಳಿದ ಅರ್ಧ ನಿಮಿಷದಲ್ಲಿ ತಪ್ಪಬಹುದಾದ ಪದಗಳನ್ನು ಟಿಪ್ಪಣಿಯ ಪಕ್ಕ ಸರಿಯಾಗಿ ಬರೆದಿಟ್ಟುಕೊಳ್ಳಿ: ಸಂರಕ್ಷಣೆ, ಅಂತರ್ಜಲ, ಅಭಿವೃದ್ಧಿ, ಶುದ್ಧೀಕರಣ. ಬರೆಯುವ ಓಟದಲ್ಲಿ ಮಹಾಪ್ರಾಣದ ಹೊಟ್ಟೆ ಸೀಳುವುದು ಮರೆತುಹೋಗುತ್ತದೆ. ಕಚ್ಚಾ ಬರಹದ ಮೇಲೆ ಕೊನೆಗೆ ಒಂದು ಅಡ್ಡಗೆರೆ ಎಳೆಯಿರಿ, ಉತ್ತರವೆಂದು ಯಾರೂ ತಿಳಿಯದಿರಲಿ.

ಸಮಯ ಕೈಕೊಟ್ಟರೆ? ಹೂಳಿನ ಏಳು ಸಾಲನ್ನು ನಾಲ್ಕಕ್ಕೆ ಇಳಿಸಿ, ಕೊಳಚೆಯ ಆರನ್ನೂ ನಾಲ್ಕಕ್ಕೆ. ನೀರಗಂಟಿಯ ನಾಲ್ಕು ಸಾಲಿಗೆ ಮಾತ್ರ ಕೈ ಹಾಕಬೇಡಿ.