ಮೂರು ಪಾವಟಿಗೆ ತೆಗೆದು ಇಳಿಜಾರು: ಮಗಳಿಗೂ ಮೋತ್ಯಾಗೂ

ಅಳತೆ

ಬಾಗಲಕೋಟೆ ನವನಗರದ ನಮ್ಮ ಮನೆ, ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಅಪ್ಪ ಕಟ್ಟಿಸಿದ್ದು. ಒಮ್ಮೆ ನೀರು ಕಂಡ ಮನುಷ್ಯ ನೋಡಿ, ಕಟ್ಟೆ ಎತ್ತರಿಸಿಯೇ ಬಿಟ್ಟ. ನೆಲದಿಂದ 18 ಇಂಚು, ಮೂರು ಪಾವಟಿಗೆ.

ಮಗಳಿಗೆ ಸೆರೆಬ್ರಲ್ ಪಾಲ್ಸಿ, ಎರಡೂ ಕಾಲು ಬಿಗಿ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಮೋತ್ಯಾ ಮುಧೋಳ ನಾಯಿ. 2005ರಲ್ಲಿ ಅಂಚೆಚೀಟಿ ಮೇಲೆ ನಿಂತ ಜಾತಿ, ಮೊಲದ ಹಿಂದೆ ಬಿದ್ದರೆ ಕಣ್ಣಿಗೆ ಸಿಗುತ್ತಿರಲಿಲ್ಲ. ಈಗ ವಯಸ್ಸು ಹನ್ನೆರಡು ದಾಟಿದೆ, ಹಿಂಗಾಲು ಸೋತಿವೆ. ಕೆಳಗಿನ ಪಾವಟಿಗೆ ಮುಂದೆ ನಿಂತು ನಮ್ಮ ಮುಖ ನೋಡುತ್ತದೆ.

ಗಾಲಿಕುರ್ಚಿಯ ಇಳಿಜಾರಿಗೆ ಲೆಕ್ಕ 1:12. ಒಂದು ಇಂಚು ಏರಬೇಕಾದರೆ ಒಂದು ಅಡಿ ಉದ್ದ ಬೇಕು. ಅಂದರೆ ನಮಗೆ 18 ಅಡಿ. ಗೌಂಡಿ ಕೇಳಿ ನಕ್ಕ.

"ಇಷ್ಟುದ್ದ ಯಾಕ್ರೀ ಅಣ್ಣಾರ? ಆರಡಿ ಸಾಕ್ರಿ, ಬೈಕ್ ಸೀದಾ ಏರತೈತಿ."

"ಬೈಕಿಗೆ ಎಂಜಿನ್ ಐತಿ. ಇಲ್ಲಿ ತಳ್ಳಾಕಿ ನಮ್ಮವ್ವ ಅದಾಳ."

ಆಮೇಲೆ ಅವನೇ ದಾರ ಹಿಡಿದು ಗುರುತು ಹಾಕಿದ. ಮುಂದೆ ಅಷ್ಟು ಜಾಗ ಇಲ್ಲ. ಹತ್ತಡಿ ಏರಿ, ಮೂಲೆಯಲ್ಲಿ ಸಮತಟ್ಟು, ಅಲ್ಲಿಂದ ಗೋಡೆ ಗುಂಟ ಎಂಟಡಿ. ಕುರ್ಚಿ ಸಲೀಸಾಗಿ ತಿರುಗಲು ಸಮತಟ್ಟು ಒಂದೂವರೆ ಮೀಟರ್ ಚೌಕ ಇರಲೇಬೇಕು. ಇದಕ್ಕಾಗಿ ಅವ್ವನ ಮಲ್ಲಿಗೆ ಬಳ್ಳಿ ಜಾಗ ಬದಲಿಸಿತು. ಆ ಮಾತುಕತೆ ಇಲ್ಲಿ ಬೇಡ.

ಮೇಲ್ಮೈ

ಇಲ್ಲಿಯೇ ತಲೆ ಬಿಸಿಯಾಗಿದ್ದು. ಗಾಲಿಗೆ ನುಣುಪು ಬೇಕು, ಮೋತ್ಯಾನ ಉಗುರಿಗೆ ಒರಟು ಬೇಕು. ಆಳವಾದ ಗೀರು ಹಾಕಿದರೆ ಕುರ್ಚಿ ಕುಲುಕುತ್ತದೆ, ಕುಲುಕಿದರೆ ಮಗಳ ಕಾಲು ಇನ್ನೂ ಸೆಟೆಯುತ್ತವೆ. ಪಾಲಿಶ್ ಗ್ರಾನೈಟ್ ಅಂತೂ ಮೊದಲೇ ಬಿಟ್ಟೆ. ಕಡೆಗೆ ಗಿಲಾವು ಹಸಿ ಇರುವಾಗಲೇ ಕಸಬರಿಗೆಯನ್ನು ಅಡ್ಡಡ್ಡ ಎಳೆಸಿದೆ. ಬೆರಳಿಗೆ ತಾಕುವಷ್ಟೇ ತರಿ. ಅಂಚಿಗೆ ಎರಡು ಇಂಚಿನ ದಿಬ್ಬ, ಗಾಲಿ ಜಾರಬಾರದೆಂದು. ದಿಬ್ಬಕ್ಕೆ ಬಿಳಿ ಬಣ್ಣ ಹೊಡೆದದ್ದು ಮೋತ್ಯಾನಿಗಾಗಿ. ಸಂಜೆಗತ್ತಲಲ್ಲಿ ಅದರ ಕಣ್ಣು ಈಗ ಅಷ್ಟು ಹಿಡಿಯುವುದಿಲ್ಲ.

ಒಂದು ವಾರ ಗೋಣಿತಾಟು ಹೊದಿಸಿ ನೀರು ಹೊಡೆದೆವು. ಬೇಸಿಗೆ ಮಧ್ಯಾಹ್ನ ನಮ್ಮ ಕಡೆ ಸಿಮೆಂಟಿನ ಮೇಲೆ ಬರಿಗಾಲಿಡಲು ಆಗದು, ಆದ್ದರಿಂದ ಮೇಲೆ ಹಸಿರು ನೆರಳುಬಲೆ ಕಟ್ಟಿಸಿದ್ದೇನೆ.

ಕೌದಿ

ಇದು ಯೋಜನೆಯಲ್ಲಿ ಇರಲಿಲ್ಲ. ಮುಧೋಳ ನಾಯಿಗೆ ಮೈಯಲ್ಲಿ ಕೊಬ್ಬು ಕಡಿಮೆ, ಎಲುಬಿನ ಮೇಲೆ ತೆಳು ಚರ್ಮ ಅಷ್ಟೇ. ಫರಸಿ ಮೇಲೆ ಮಲಗಿ ಮಲಗಿ ಮೋತ್ಯಾನ ಮೊಣಕೈ ಹತ್ತಿರ ಕೂದಲು ಉದುರಿ ಗಟ್ಟಿಯಾಗಿತ್ತು. ಬಹಳ ಹೊತ್ತು ಕೂತರೆ ಮಗಳ ಕುಂಡಿ ಎಲುಬಿನ ಹತ್ತಿರವೂ ಕೆಂಪಾಗುತ್ತದೆ. ಮದ್ದು ಇಬ್ಬರಿಗೂ ಒಂದೇ: ಮೆತ್ತನೆ ಹಾಸಿಗೆ, ಆಗಾಗ ಮಗ್ಗಲು ಬದಲಿಸುವುದು. ಅವ್ವ ಹಳೇ ನೂಲಿನ ಸೀರೆ ಪದರ ಮಾಡಿ ಸಣ್ಣ ಕೌದಿ ಹೊಲಿದಳು. ಮಗಳ ಕುರ್ಚಿಯಲ್ಲಿ ಅದು ದಿಂಬಿನ ಮೇಲೆ, ಮೋತ್ಯಾನಿಗೆ ಪ್ಲಾಸ್ಟಿಕ್ ಹಾಳೆ ಮೇಲೆ. ಸ್ಪಂಜಿನ ಹಾಸಿಗೆ ಉಚ್ಚೆ ಕುಡಿದು ನಾರುತ್ತದೆ, ಕೌದಿ ಬೆಳಿಗ್ಗೆ ತೊಳೆದರೆ ಮಧ್ಯಾಹ್ನಕ್ಕೆ ಒಣಗಿರುತ್ತದೆ. ದುಡ್ಡು ಕೊಟ್ಟು ತರುವ ನಾಯಿಹಾಸಿಗೆಗಿಂತ ಇದೇ ವಾಸಿ ಎನ್ನುವೆ.

ನಾಯಿಗೆ ನೋವೆಂದು ಮನೆಯಲ್ಲಿದ್ದ ಐಬುಪ್ರೊಫೆನ್ ಮಾತ್ರ ಕೊಡಬೇಡಿ. ಹೊಟ್ಟೆಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಪಶುವೈದ್ಯರು ಬರೆದದ್ದಷ್ಟೇ.

ಈಗ

ಮೋತ್ಯಾನ ಹಿಂಬದಿಗೆ ಹೊಟ್ಟೆ ಕೆಳಗಿಂದ ಟವೆಲ್ ಹಾಕಿ ನಾನು ಎತ್ತಿ ಹಿಡಿಯುತ್ತೇನೆ, ಅವ್ವ ಕುರ್ಚಿ ತಳ್ಳುತ್ತಾಳೆ. ಸಮತಟ್ಟಿನಲ್ಲಿ ನಿಲ್ಲಲೇಬೇಕು. ಮೋತ್ಯಾ ಅಲ್ಲಿ ತಾನಾಗಿಯೇ ಕೂರುತ್ತದೆ, ಮಗಳು ಅದರ ಬೆನ್ನು ಸವರುತ್ತಾಳೆ. ಫಿಜಿಯೋಥೆರಪಿಯಲ್ಲಿ ಬಿಚ್ಚಲು ಹಟ ಮಾಡುವ ಬಲಗೈ ಮುಷ್ಟಿ ಅಲ್ಲಿ ತಕರಾರಿಲ್ಲದೆ ಬಿಚ್ಚುತ್ತದೆ.

ತಲಬಾಗಿಲ ಹೊಸ್ತಿಲಿಗೆ ಪೂಜೆ ಇದೆ, ಅದನ್ನು ಮುಟ್ಟಲಿಲ್ಲ. ಎರಡೂ ಬದಿಗೆ ಕಟ್ಟಿಗೆಯ ಇಳಿಹಲಗೆ ಇಟ್ಟಿದ್ದೇನೆ, ಶುಕ್ರವಾರ ತೆಗೆದು ಅರಿಷಿಣ ಹಚ್ಚಬಹುದು. ಉಳಿದದ್ದು ಬಚ್ಚಲು. ಅದರ ಬಾಗಿಲು 24 ಇಂಚು, ಕುರ್ಚಿ 25. ಚೌಕಟ್ಟು ಕೀಳಲು ಗೌಂಡಿ ಬರುವ ವಾರ ಬರುತ್ತೇನೆಂದಿದ್ದಾನೆ.