ಅಜ್ಜಿಯ ಕೈಯಲ್ಲಿ ಪುಟಾಣಿ ಸೈನಿಕ

ನಿನ್ನೆ ಮಗಳನ್ನು ಕರೆದುಕೊಂಡು ನಾಟಿಂಗ್‌ಹ್ಯಾಮ್‌ನ ವಾರ್‌ಹ್ಯಾಮರ್ ವರ್ಲ್ಡ್‌ಗೆ ಹೋಗಿದ್ದೆ. ಪುಟಾಣಿ ಸೈನಿಕರ ಗೊಂಬೆಗಳಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಯುದ್ಧ ಆಡುವ ವಾರ್‌ಹ್ಯಾಮರ್ ಆಟದ ಕೇಂದ್ರ ಅದು, ಇಂಗ್ಲೆಂಡಿನಲ್ಲಿದೆ. ಆಟದ ಮೇಜುಗಳ ಸುತ್ತ ಜಾಸ್ತಿ ಗಂಡಸರೇ, 30-40 ದಾಟಿದವರು. ಮಾತಿಗೆ ಸಿಕ್ಕ ಒಬ್ಬರು ಸ್ಕೂಲಲ್ಲಿ ಈ ಆಟ ಶುರುಮಾಡಿ, ನಡುವೆ ಬಿಟ್ಟು, ಕೈಗೆ ಸಂಬಳ ಬಂದಮೇಲೆ ಮತ್ತೆ ಹಿಡಿದವರು.

ಒಂದು ಮೂಲೆಯಲ್ಲಿ ಬಿಳಿಕೂದಲಿನ ಅಜ್ಜಿಯೊಬ್ಬರು ಹೆಬ್ಬೆರಳಿನಷ್ಟಿದ್ದ ಸೈನಿಕನಿಗೆ ಬಣ್ಣ ಹಚ್ಚುತ್ತಿದ್ದರು. ಉಸಿರು ಬಿಗಿಹಿಡಿದು, ಬ್ರಷ್ ತುದಿಯಿಂದ ಕಣ್ಣಿಗೊಂದು ಚುಕ್ಕೆ. ಮಗಳು ಅಲ್ಲಿಂದ ಕದಲಲೇ ಇಲ್ಲ.

1913ರಲ್ಲಿ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಇಂಥದೇ ಆಟದ ಬಗ್ಗೆ 'ಲಿಟಲ್ ವಾರ್ಸ್' ಅನ್ನುವ ಪುಸ್ತಕ ಬರೆದರು. 12ರಿಂದ 150 ವರ್ಷದ ಹುಡುಗರಿಗೆ ಅಂತ ಹೆಸರಿನ ಜೊತೆಗೇ ಹಾಕಿದ್ದರು. ಹುಡುಗಿಯರಿಗೂ ಜಾಗ ಇತ್ತು, ಆದರೆ ಹುಡುಗರ ಆಟ ಇಷ್ಟಪಡುವ ಜಾಣೆಯರಿಗೆ. ಆ ಷರತ್ತು ನನಗೆ ಇವತ್ತಿಗೂ ಚುಚ್ಚುತ್ತದೆ.

ಅಜ್ಜಿ ಬ್ರಷ್ಷನ್ನು ಮಗಳ ಕೈಗೆ ಕೊಟ್ಟರು. ಮನೆಗೆ ಬಂದಾಗ ಅವಳ ಉಗುರಲ್ಲಿ ಇನ್ನೂ ನೀಲಿ ಬಣ್ಣ ಇತ್ತು.